ಗೋಡೆಯ ಮೇಲೆ ಬಂದು ನಿಂತ ಗಂಡಸು

ಗೋಡೆ ಮಸ್ಕಿಯಲ್ಲಿದೆ. ಅದರ ಮೇಲೆ ಚಿತ್ರ ಬರೆಯಲು ಪುರಸಭೆಯವರು ಕೊಟ್ಟ ವಿಷಯ ‘ಸುಖೀ ಕುಟುಂಬ’. ಚಿತ್ರ ಬರೆದವಳು ನಾನು. ಬರೆದದ್ದು ಎದುರಿಗೆ ರೊಟ್ಟಿ ಮಾರುವ ಶರಣಮ್ಮ, ಅವರ ತಾಯಿ ಮತ್ತು ಮಗಳನ್ನು. ಮೂವರನ್ನೂ ಕೇಳಿಯೇ ಬರೆದೆ.

ಚಿತ್ರ ಮುಗಿದಾಗ ಪುರಸಭೆಯ ಮೇಲ್ವಿಚಾರಕರು ಬಂದರು. “ಗಂಡಸಿಲ್ಲದ್ದು ಎಂಥಾ ಕುಟುಂಬರೀ? ಒಬ್ಬಾಂವನ್ನ ನಿಂದರಸ್ರಿ.”

ನಿರಾಕರಿಸಿದೆ. ಮರುದಿನ ತಲೆಗೆ ಪಟಕಾ ಸುತ್ತಿದ ಗಂಡಸೊಬ್ಬ ಗೋಡೆಯ ಮೇಲಿದ್ದ. ಬೇರೆ ಯಾರಿಂದಲೋ ಅವನನ್ನು ಬರೆಸಿ, ಅವನಿಗೆ ಜಾಗ ಮಾಡಲು ಶರಣಮ್ಮನ ತಾಯಿಯನ್ನು, ಅಂದರೆ ಅಜ್ಜಿಯನ್ನು, ಅಳಿಸಿದ್ದರು.

ಶರಣಮ್ಮ ಬುಟ್ಟಿ ಇಳಿಸಿ ಅವನನ್ನು ದಿಟ್ಟಿಸಿದರು. “ಇಂವ ಯಾರ ಯವ್ವಾ? ದುಡಿದು ನಮ್ಮನ್ನ ಸಾಕಿದಾಕಿ ನಮ್ಮವ್ವ. ಆಕೀನ್ನ ಅಳಿಸಿ ಇಂವನ್ನ ತಂದು ನಿಂದರಿಸ್ಯಾರ. ಇಂವಗೂ ನಾನೇ ರೊಟ್ಟಿ ಬಡೀಬೇಕೇನು?”

ಅಜ್ಜಿ ಇದ್ದಾಗಿನ ಫೋಟೋ ಇದರೊಂದಿಗಿದೆ. ದಯವಿಟ್ಟು ಎಲ್ಲರಿಗೂ ಕಳಿಸಿ. ಪಟಕಾದವನನ್ನು ನೋಡಬೇಕೆನ್ನುವವರು ಮಸ್ಕಿಗೇ ಬರಲಿ. ಊಟಕ್ಕೆ ಕಾಯುತ್ತ ಅಲ್ಲಿಯೇ ನಿಂತಿದ್ದಾನೆ.