ಬರೆಯದೆ ಬಿಟ್ಟ ಹನ್ನೆರಡನೆಯ ಸಲಹೆ

ಬ್ಯಾಂಕಾಕಿನ ಅರಮನೆಯ ದೇವಾಲಯ ಆ ದಿನ ಮುಚ್ಚಿರಲಿಲ್ಲ. ಮುಚ್ಚಿದೆ ಎಂದು ಸುಧಕ್ಕನಿಗೆ ಹೇಳಿದವಳು ನಾನು. ತಪ್ಪು ತಿಳಿವಳಿಕೆ, ಗಡಿಬಿಡಿ, ಬಿಸಿಲು — ಇಷ್ಟು ವರ್ಷ ನನಗೆ ನಾನೇ ಏನೇನೋ ಹೆಸರಿಟ್ಟುಕೊಂಡೆ. ಅದು ಸುಳ್ಳು. ಗೊತ್ತಿದ್ದೂ ಹೇಳಿದ ಸುಳ್ಳು.

ಸುಧಕ್ಕ ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಧಾರವಾಡದವರು. ಇಲ್ಲಿ ಪರದೇಶದಲ್ಲಿ ಅವರ ಮನೆ ಓಲ್ಡ್ ಬ್ರಿಡ್ಜಿನಲ್ಲಿ, ನಮ್ಮದು ಹತ್ತಿರದ ವೆಸ್ಟ್ ವಿಂಡ್ಸರಿನಲ್ಲಿ. ನಮ್ಮ ಕನ್ನಡ ಕೂಟದ ಈ ಸಂಚಿಕೆ ಓದುವ ನಿಮ್ಮಲ್ಲಿ ಅವರ ಕೈಯ ಮಾದಲಿ ತಿಂದವರು ಬಹಳ ಮಂದಿ ಇದ್ದೀರಿ. ನನ್ನನ್ನು ನೀವು ಬಲ್ಲದ್ದು ಬೇರೆ ಕಾರಣಕ್ಕೆ. ಮೂರು ವರ್ಷದ ಹಿಂದೆ ಇದೇ ಪುಟಗಳಲ್ಲಿ ‘ಕಡಿಮೆ ಖರ್ಚಿನಲ್ಲಿ ಬ್ಯಾಂಕಾಕ್: ಹನ್ನೊಂದು ಸಲಹೆಗಳು’ ಬರೆದವಳು ನಾನು. ಈ ವರ್ಷ ಅದನ್ನು ಮತ್ತೆ ಹಾಕೋಣವೆಂದು ಸಂಪಾದಕರು ಫೋನ್ ಮಾಡಿದರು. “ಆಂಟಿ, ಎಲ್ರೂ ಅದನ್ನೇ ಫಾರ್ವರ್ಡ್ ಮಾಡ್ತಿದ್ದಾರೆ, ಏನಾದ್ರೂ ಅಪ್‌ಡೇಟ್ ಮಾಡೋದಿದೆಯಾ?” ಎಂದರು. ಇದೆ ಎಂದೆ. ಅದೇ ಇದು.

ಬೆಂಗಳೂರಿಗೆ ಮದುವೆಗೆಂದು ಹೋಗಿದ್ದಾಗ ಬ್ಯಾಂಕಾಕಿಗೆ ಅಗ್ಗದ ಟಿಕೆಟ್ ಸಿಕ್ಕಿತ್ತು. ಗಂಡಸರು ಬರಲೊಲ್ಲೆವು ಎಂದರು, ನಾವಿಬ್ಬರೇ ಹೊರಟೆವು. ತನಗಾಗಿ ಇಂಥದು ಬೇಕೆಂದು ಸುಧಕ್ಕ ಬಾಯಿಬಿಟ್ಟು ಕೇಳಿದ್ದನ್ನು ನಾನು ಕೇಳಿರಲಿಲ್ಲ. ಅವತ್ತು ವಿಮಾನದಲ್ಲಿ ಕೇಳಿದರು. “ಆ ಅರಮನಿ ಗುಡಿ ಸುತ್ತಲೂ ಗ್ವಾಡಿ ಮ್ಯಾಲೆ ಇಡೀ ರಾಮಾಯಣ ಬರದಾರಂತ. ಒಂದು ಸುತ್ತು ಹಾಕಿ ಬಂದ್ರ ಕಥಿ ಮುಗೀತದಂತ. ಅದೊಂದು ತೋರಿಸಿಬಿಡು ಪದ್ಮಿ, ಉಳಿದದ್ದು ನೀ ಎಲ್ಲಿ ಕರದಲ್ಲಿ ಬರ್ತೀನಿ.” ಅವರ ತಂದೆ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರು. ಎಲ್ಲೋ ಓದಿ ಮಗಳಿಗೆ ಹೇಳಿದ್ದರು. ತಾವು ಹೋಗಿ ನೋಡುವ ಯೋಗ ಅವರಿಗೆ ಬರಲಿಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ ಎಲ್ಲವೂ ಬರೆದಿತ್ತು. ಪ್ರವಾಸಿಗರ ದೋಣಿ ಬಿಟ್ಟು ಊರಿನವರು ಹತ್ತುವ ಕಿತ್ತಳೆ ಬಾವುಟದ ದೋಣಿ ಹತ್ತುವುದು, ಆಫೀಸಿನವರು ಊಟಕ್ಕೆ ನಿಲ್ಲುವ ಗಾಡಿಯಲ್ಲಿ ಉಣ್ಣುವುದು, ಮೀನಿನ ಸಾರು ಬೇಡವೆನ್ನಲು ಯಾವ ಪದ ಹೇಳಬೇಕು ಎಂಬುದು ಕೂಡ. ಗುಡಿಯನ್ನು ಕೊನೆಯ ದಿನಕ್ಕೆ ಇಟ್ಟವಳೂ ನಾನೇ. ಸಂಜೆ ವಿಮಾನ.

ಆ ಬೆಳಿಗ್ಗೆ ನಾನು ಹತ್ತಿಯ ಒಂದು ಡ್ರೆಸ್ ಹಾಕಿಕೊಂಡೆ. ನಮ್ಮೂರ ಹತ್ತಿರದ ಸೀಕಾಕಸಿನ ಸೇಲಿನಲ್ಲಿ ಕೊಂಡದ್ದು. ಮೊಣಕಾಲು ತುಸು ಕಾಣುತ್ತಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮನ್ನು ನೆಲದ ಮೇಲೆ ಮೊಣಕಾಲೂರಿಸಿ ಸ್ಕರ್ಟಿನ ಅಂಚು ನೆಲ ಮುಟ್ಟುತ್ತದೆಯೇ ಎಂದು ನೋಡುತ್ತಿದ್ದರು. ಮುಟ್ಟದಿದ್ದರೆ ಮನೆಗೆ. ಮದುವೆಯಾದ ಮೇಲೆ ನೋಡುವವರು ಬೇರೆಯವರಾದರು, ಅಷ್ಟೇ. ಐವತ್ತು ದಾಟಿದ ಮೇಲೆ ಆ ಡ್ರೆಸ್ ಕೊಂಡಿದ್ದೆ.

ಸುಧಕ್ಕ ಸೀರೆಯ ನೆರಿಗೆ ಹಿಡಿದುಕೊಂಡೇ ನೋಡಿದರು. “ಮೊಣಕಾಲು ಕಾಣಸ್ಲಿಕತ್ತಾವಲ್ಲ, ಗುಡಿಗೆ ಹಿಂಗ ಬರ್ತೀಯೇನು?”

“ಅಕ್ಕಾ, ಇದು ಧಾರವಾಡ ಅಲ್ಲ. ಇಲ್ಲಿ ಯಾರೂ ಕೇಳಲ್ಲ.”

“ಆತು ಬಿಡವಾ, ಊರೆಲ್ಲಾ ಓದ್ಕೊಂಡು ಬಂದಾಕಿ ನೀ,” ಎಂದು ನಕ್ಕರು. ಚುಚ್ಚಿದ್ದಲ್ಲ. ನನಗೆ ಚುಚ್ಚಿತು.

ದೋಣಿಯಿಂದಿಳಿದು ನಡೆಯುವಷ್ಟರಲ್ಲಿ ನನ್ನ ಕಾಲು ಊದಿತ್ತು, ಅವರ ಮುಖ ಕೆಂಪಾಗಿತ್ತು. ರಸ್ತೆಯ ಆಚೆ, ಬಟ್ಟೆಯಂಗಡಿಯ ನೆರಳಿನಲ್ಲಿ ಅವರನ್ನು ಕೂರಿಸಿ, ಟಿಕೆಟ್ ನೋಡಿ ಬರುತ್ತೇನೆಂದು ನಾನೊಬ್ಬಳೇ ಗೇಟಿಗೆ ಹೋದೆ. ಗೇಟು ಗೋಡೆಯ ತಿರುವಿನಾಚೆ, ಅವರಿಗೆ ಕಾಣುತ್ತಿರಲಿಲ್ಲ.

ಕಾವಲಿನವನು ಗದರಲಿಲ್ಲ. ನಗುತ್ತಲೇ ನನ್ನ ಮೊಣಕಾಲಿನತ್ತ ಬೆರಳು ತೋರಿಸಿದ. ಆಮೇಲೆ ಅದೇ ಬೆರಳನ್ನು ನಾನು ಬಂದ ತಿರುವಿನತ್ತ, ರಸ್ತೆಯಾಚೆಗೆ ತಿರುಗಿಸಿದ — ಆನೆ ಚಿತ್ರದ ಸಡಿಲ ಪೈಜಾಮಗಳು ತೂಗುತ್ತಿದ್ದ ಅಂಗಡಿಯ ಕಡೆಗೆ. ಅದರ ನೆರಳಿನಲ್ಲೇ ಸುಧಕ್ಕ ಕೂತಿದ್ದದ್ದು.

ಹೋಗಿ ಒಂದು ಕೊಂಡು ಮೇಲೆ ಏರಿಸಿಕೊಂಡಿದ್ದರೆ ಆಗುತ್ತಿತ್ತು. ಅವರ ಕಣ್ಣೆದುರೇ ಏರಿಸಿಕೊಳ್ಳಬೇಕಿತ್ತು. ಅವರು ಬಹುಶಃ ಏನೂ ಅನ್ನುತ್ತಿರಲಿಲ್ಲ — ಅಥವಾ ಇನ್ನೊಮ್ಮೆ ನಗುತ್ತಿದ್ದರು. ಅಷ್ಟನ್ನು ನನ್ನಿಂದ —

ಪಕ್ಕದಲ್ಲಿ ಟುಕ್‌ಟುಕ್ ಓಡಿಸುವವನೊಬ್ಬ ಯಾರೋ ಬಿಳಿಯ ದಂಪತಿಗೆ “ಕ್ಲೋಸ್ಡ್ ಟುಡೇ, ಕ್ಲೋಸ್ಡ್” ಎನ್ನುತ್ತಿದ್ದ. ಗುಡಿ ಮುಚ್ಚಿದೆಯೆಂದು ನಂಬಿಸಿ ಬೇರೆ ಅಂಗಡಿಗಳಿಗೆ ಕರೆದೊಯ್ಯುವುದು ಆ ಊರಿನ ಹಳೆಯ ಮೋಸ. ನನ್ನ ನೋಟ್‌ಬುಕ್ಕಿನಲ್ಲಿ ಅದೂ ಇತ್ತು. ಅವನ ಮಾತನ್ನೇ ಎತ್ತಿಕೊಂಡು ರಸ್ತೆ ದಾಟಿದೆ.

“ಇವತ್ತು ಮುಚ್ಚಿದೆಯಂತೆ ಅಕ್ಕಾ. ರಾಜಮನೆತನದ ಪೂಜೆ ಏನೋ ಇದೆಯಂತೆ.”

ಆ ‘ಅಂತೆ’ — ಯಾರೋ ಹೇಳಿದ್ದನ್ನು ನಾನು ಬರೀ ದಾಟಿಸುತ್ತಿದ್ದೇನೆ ಎಂಬಂತೆ.

“ಅಷ್ಟು ಮಂದಿ ಹೊಂಟಾರಲ್ಲ ಆ ಕಡೆ?”

“ಅವರೂ ಗೇಟು ನೋಡಿ ವಾಪಸ್ ಬರ್ತಾರೆ.”

ಸುಧಕ್ಕ ಎದ್ದು, ರಸ್ತೆ ದಾಟಿ, ಅರಮನೆಯ ಎತ್ತರದ ಬಿಳಿ ಗೋಡೆಗೆ ಅಂಗೈ ಇಟ್ಟು ಕಣ್ಣಿಗೊತ್ತಿಕೊಂಡರು. ಅದು ಹೊರಗಿನ ಗೋಡೆ. ಚಿತ್ರಗಳಿದ್ದದ್ದು ಒಳಗೆ. “ಹೋಗ್ಲಿ. ನಂಗ ಅದರ ಋಣ ಇದ್ದಿಲ್ಲ,” ಎಂದರು. ಆಮೇಲೆ ನನ್ನತ್ತ ತಿರುಗಿ, “ನಿನ್ನ ಕಾಲು ನೋಡು ಹೆಂಗ ಬಾತಾವ. ಎಲ್ಲೆರ ತಂಪನ್ಯಾಗ ಕೂಡೂಣು ನಡಿ.”

ಊರಿಗೆ ಬಂದು ನಿಮಗಾಗಿ ಸಲಹೆಗಳನ್ನು ಬರೆದೆ. ಒಂಬತ್ತನೆಯದು ನಿಮಗೆ ನೆನಪಿರಬಹುದು: ‘ಗುಡಿ ಮುಚ್ಚಿದೆ ಎಂದು ಯಾರು ಹೇಳಿದರೂ ನಂಬಬೇಡಿ; ನೀವೇ ಗೇಟಿನವರೆಗೆ ಹೋಗಿ ನೋಡಿ.’ ಹನ್ನೆರಡನೆಯದೂ ಒಂದಿತ್ತು — ಮೊಣಕಾಲು, ತೋಳು ಮುಚ್ಚುವ ಬಟ್ಟೆ ಹಾಕಿಕೊಂಡು ಹೋಗಿ. ಅದನ್ನು ಬೇಕೆಂದೇ ಬಿಟ್ಟೆ. ಸುಧಕ್ಕ ಓದಿದರೆ ತಿಳಿದುಬಿಡುತ್ತಿತ್ತು. ನನ್ನ ಸಲಹೆಗಳನ್ನು ನಂಬಿ ಹೋಗಿ ಬಂದ ಹುಡುಗಿಯೊಬ್ಬಳು ನಗುತ್ತಾ ಹೇಳಿದಳು: “ಆಂಟಿ, ಡ್ರೆಸ್ ಬಗ್ಗೆ ಬರೆಯೋದೇ ಮರ್ತಿದ್ರಿ! ನಮ್ಮನ್ನ ಗೇಟಲ್ಲೇ ನಿಲ್ಲಿಸಿದ್ರು. ಎದುರಿಗೇ ಪ್ಯಾಂಟ್ ತಗೊಂಡ್ವಿ, ಐದೇ ನಿಮಿಷ.”

ಐದು ನಿಮಿಷ.

ಹೋದ ವರ್ಷದಿಂದ ಸುಧಕ್ಕನ ಕಣ್ಣಿನ ನಡುಭಾಗದ ದೃಷ್ಟಿ ಹೋಗಿದೆ. ಅಂಚುಗಳು ಮಾತ್ರ ಕಾಣುತ್ತವೆ. ನಮ್ಮ ಮುಖ ನೋಡಲು ಮುಖವನ್ನು ಬೇರೆ ಕಡೆ ತಿರುಗಿಸಿಕೊಳ್ಳುತ್ತಾರೆ. ಇಂಜೆಕ್ಷನ್ನಿನಿಂದ ಇದ್ದದ್ದು ಉಳಿದೀತು, ಹೋದದ್ದು ಬಾರದು ಎಂದಿದ್ದಾರೆ ಡಾಕ್ಟರು. ಕಾಶಿಗೋ ಬದರಿಗೋ ಹೋಗೋಣವೆಂದರೆ ಈಗ ಅವರದು ಒಂದೇ ಮಾತು — “ನನ್ನ ಮುಂದ ಗುಡಿಗೋಳು ಬಾಗಲಾ ಹಾಕ್ಕೋತಾವ, ನೀವು ಹೋಗಿ ಬರ್ರಿ.”

ಹೋದ ವಾರ ಅವರ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆವು. “ನಿನ್ನ ಲೇಖನ ಮತ್ತ ಹಾಕ್ತಾರಂತಲ್ಲ. ಓದು, ಕೇಳೂಣು,” ಎಂದರು. ಫೋನಿನಲ್ಲಿ ತೆಗೆದು ಓದಿದೆ. ಒಂಬತ್ತನೆಯದು ಬಂದಾಗ ತಲೆದೂಗಿದರು. “ಪುಣ್ಯಾ, ನಮಗ ಅಂಥಾವ್ರು ಗಂಟು ಬೀಳ್ಲಿಲ್ಲ. ನಮ್ಮದು ಖರೇನ ಮುಚ್ಚಿತ್ತು.”

“ಮುಚ್ಚಿರಲಿಲ್ಲ ಅಕ್ಕಾ,” ಎಂದೆ. ಉಳಿದದ್ದನ್ನೂ ಹೇಳಿದೆ — ಡ್ರೆಸ್ಸು, ಕಾವಲಿನವನ ಬೆರಳು, ಎಲ್ಲ. ಕ್ಷಮಿಸಿ ಎನ್ನಲಿಲ್ಲ. ಅವರಿಂದ ಇನ್ನೂ ಒಂದನ್ನು ಕೇಳಿ ಪಡೆಯುವ ಮುಖ ನನಗಿರಲಿಲ್ಲ.

ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಅಂದರೆ ನನ್ನನ್ನೇ ನೋಡುತ್ತಿದ್ದರು.

“ಎಷ್ಟೊತ್ತನಕ ತೆರದಿರ್ತದ ಅದು?”

“ಮಧ್ಯಾಹ್ನ ಮೂರೂವರೆ ತನಕ.”

“ನಾವು ಹೋದಾಗ?”

“ಹತ್ತೂವರೆ.”

“ಹಂಗಾರ ಭಾಳ ವ್ಯಾಳ್ಯಾ ಇತ್ತು,” ಎಂದರು. ಲೋಟ ಎತ್ತಿಕೊಂಡು ಒಳಗೆ ಹೋದರು.

ಅಂದಿನಿಂದ ಅವರು ಫೋನ್ ಮಾಡಿಲ್ಲ. ಗುರುವಾರ ಅವರನ್ನು ಇಂಜೆಕ್ಷನ್ನಿಗೆ ಕರೆದೊಯ್ಯುವ ಸರದಿ ನನ್ನದು. ಬಾ ಎಂದಿಲ್ಲ, ಬೇಡ ಎಂದೂ ಇಲ್ಲ. ಒಂಬತ್ತಕ್ಕೆ ಹೋಗಿ ಮನೆಯ ಮುಂದೆ ಕಾರಿನಲ್ಲಿ ಕೂತಿರುತ್ತೇನೆ.