ನಿದ್ದೆ ಮಾಡಿ ಗೆದ್ದ ಲೇತ್

ಮೊನ್ನೆ ಬೆಳಿಗ್ಗೆ ಹಳೆಯ ಪೆಟ್ಟಿಗೆಯ ತಳದಲ್ಲಿ ಒಂದು ಹಳದಿ ಕೈಬುಗುರಿ ಸಿಕ್ಕಿತು. ಮೂಗಿಗೆ ಹಿಡಿದರೆ ಇನ್ನೂ ಅರಗಿನ ವಾಸನೆ. ಬೆರಳಲ್ಲಿ ತಿರುವಿದೆ. ಎರಡು ಸುತ್ತು ಹಾಕಿ ಮಗುಚಿಕೊಂಡಿತು. ನನಗೆ ನಗು ಬಂತು. ಆಮೇಲೆ ಅಕ್ಕ ನೆನಪಾದರು…

ಸ್ವಂತ ಅಕ್ಕನಲ್ಲ. ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಮರ ಕಡೆಯುವ ಎರಡು ಲೇತ್ ಇಟ್ಟುಕೊಂಡು ಮರದ ಆಟಿಕೆ ಮಾಡುತ್ತಿದ್ದವರು. ನಾನು ಹಗಲು ಬಿಡದಿಯ ಒಂದು ಕಾರ್ಖಾನೆಯಲ್ಲಿ ಬೋಲ್ಟು ಬಿಗಿದು, ಸಂಜೆ ಅವರ ಶೆಡ್ಡಿನಲ್ಲಿ ಉಳಿ ಹಿಡಿಯುವುದನ್ನು ಕಲಿಯುತ್ತಿದ್ದೆ. ಕಾರ್ಖಾನೆ ನನಗೆ ಸಾಕಾಗಿತ್ತು. "ಒಂದ್ ವಾರದಲ್ಲಿ ನೂರು ಬುಗುರಿ ಮಾಡ್ಕೊಡು. ಎಲ್ಲಾ ನಿಂತ್ಕಂಡು ತಿರುಗಿದ್ರೆ ಎರಡನೇ ಲೇತು ನಿಂದೇ ಕಣಮ್ಮಿ" ಎಂದಿದ್ದರು ಅಕ್ಕ. ಆ ಲೇತ್ ಮೇಲೆ ನಾನು ಪ್ರಾಣವನ್ನೇ ಇಟ್ಟುಕೊಂಡಿದ್ದೆ.

ಎರಡು ಕೆಲಸಕ್ಕೆ ದಿನ ಸಾಲದು. ಕಾರ್ಖಾನೆಯ ಜೊತೆಗಾತಿಯೊಬ್ಬಳು ನಿದ್ದೆ ಓಡಿಸುವ ಮಾತ್ರೆ ಕೊಟ್ಟಳು. ಯಾವ ಡಾಕ್ಟರ ಚೀಟಿಯೂ ಇರಲಿಲ್ಲ. ಶನಿವಾರ ಸಂಜೆ ನುಂಗಿ ಕೂತವಳು ಭಾನುವಾರ ಬೆಳಿಗ್ಗೆ ನೂರನೆಯ ಬುಗುರಿ ಇಳಿಸಿ ಎದ್ದೆ. ದಣಿವಿಲ್ಲ, ಆಕಳಿಕೆಯಿಲ್ಲ. ನನ್ನಂಥ ಕೆಲಸಗಾತಿ ಇಡೀ ಪೇಟೆಯಲ್ಲೇ ಇಲ್ಲ ಅನ್ನಿಸಿತ್ತು.

ಮಲಗೋಣವೆಂದರೆ ಆಗಲಿಲ್ಲ. ಭಾನುವಾರ ಪೂರ್ತಿ ಚಾಪೆಯ ಮೇಲೆ ಹೊರಳಾಡಿದೆ. ಮೈ ಸೋತಿತ್ತು, ಎದೆ ಮಾತ್ರ ಡವಡವ ಅನ್ನುತ್ತಿತ್ತು. ಸೋಮವಾರ ಕಾರ್ಖಾನೆಯಲ್ಲಿ ಬಿಗಿದ ಬೋಲ್ಟನ್ನೇ ಮತ್ತೆ ಬಿಗಿಯಲು ಹೋಗಿ ಬೈಸಿಕೊಂಡೆ. ಯಾರು ಏನು ಹೇಳಿದರೂ ತಲೆಗೆ ಇಳಿಯುತ್ತಿರಲಿಲ್ಲ…

ಸಂಜೆ ಅಕ್ಕ ಸ್ಟೀಲ್ ತಟ್ಟೆ ಬೋರಲು ಹಾಕಿ ಬುಗುರಿಗಳನ್ನು ಒಂದೊಂದಾಗಿ ತಿರುವಿದರು. ಅದು ಅವರ ಪದ್ಧತಿ. ತಟ್ಟೆಯ ಮೇಲೆ ನಿಲ್ಲದ ಬುಗುರಿ ಶೆಡ್ಡಿನ ಬಾಗಿಲು ದಾಟುವಂತಿರಲಿಲ್ಲ. ಮೊದಲಿನ ಇಪ್ಪತ್ತು ನಿಂತವು. ಆಮೇಲಿನವು ವಾಲಿದವು, ಕುಣಿದವು, ಬಿದ್ದವು. ಬಣ್ಣದ ಪಟ್ಟಿಗಳೂ ಸೊಟ್ಟ. ಮಾಡುವಾಗ ಅವೆಲ್ಲ ನನ್ನ ಕಣ್ಣಿಗೆ ನೇರವಾಗಿಯೇ ಕಂಡಿದ್ದವಲ್ಲ, ಅದೇ ನನ್ನನ್ನು ಹೆದರಿಸಿತು. ಅಕ್ಕ ತಟ್ಟೆ ಪಕ್ಕಕ್ಕಿಟ್ಟು ಏನಾಯಿತೆಂದು ಕೇಳಿದರು. ಎಲ್ಲ ಹೇಳಿಬಿಟ್ಟೆ.

"ಇವನ್ನ ಮಾಡಿರೋದು ನೀನಲ್ಲ, ಆ ಮಾತ್ರೆ. ಉಳಿ ಜಾರಿ ಬೆರಳು ಹೋಗ್ಬುಟ್ಟಿದ್ರೆ ಏನ್ಮಾಡ್ತಿದ್ದೆ? ಇನ್ನೊಂದ್ ವಾರ ಕೊಡ್ತೀನಿ. ಮೊದ್ಲು ಹೋಗಿ ಮನಿಕೊ" ಎಂದರು.

ಮಿಕ್ಕ ಮಾತ್ರೆಗಳನ್ನು ಅವರ ಕೈಗೇ ಹಾಕಿದೆ. ಬಿದ್ದ ಬುಗುರಿಗಳಲ್ಲಿ ಒಂದನ್ನು, ಈ ಹಳದಿಯದನ್ನು, ಬುದ್ಧಿ ಬರಲಿ ಎಂದು ಇಟ್ಟುಕೊಂಡೆ. ಮೂರು ದಿನ ಉಳಿ ಮುಟ್ಟಲಿಲ್ಲ. ಮೊದಲ ದಿನ ಮಂಕು ಕವಿದಂತಿತ್ತು, ಮಾತಾಡಿಸಿದವರ ಮೇಲೆಲ್ಲ ಸಿಡುಕು. ಆಮೇಲೆ ನಿದ್ದೆ ತಾನಾಗಿ ಬಂತು. ಮುಂದಿನ ನಾಲ್ಕು ಸಂಜೆ, ಇಪ್ಪತ್ತೈದರ ಮೇಲೆ ಒಂದನ್ನೂ ಮಾಡದೆ, ಹೊತ್ತಿಗೆ ಸರಿಯಾಗಿ ಮಲಗುತ್ತಾ ನೂರು ಮುಗಿಸಿದೆ. ತಟ್ಟೆಯ ಮೇಲೆ ನೂರಕ್ಕೆ ನೂರೂ ನಿಂತು ತಿರುಗಿದವು. ಕೊನೆಯದು ಇನ್ನೂ ತಿರುಗುತ್ತಿದ್ದಾಗಲೇ ಅಕ್ಕ ಎದ್ದು, ಎರಡನೇ ಲೇತಿನ ಪಕ್ಕ ಇದ್ದ ತಮ್ಮ ಉಳಿಗಳನ್ನು ತೆಗೆದು ನನ್ನವನ್ನು ಜೋಡಿಸಿದರು. ಗೆದ್ದ ಖುಷಿಗೆ ಅತ್ತುಬಿಟ್ಟೆ. ಮರುದಿನವೇ ಕಾರ್ಖಾನೆಗೆ ಬರುವುದಿಲ್ಲವೆಂದು ಹೇಳಿ ಬಂದೆ.

ಅಕ್ಕ ತೀರಿಹೋಗಿ ಎರಡು ವರ್ಷವಾಯಿತು. ಶೆಡ್ಡು ಈಗ ನನ್ನ ಕೈಯಲ್ಲಿದೆ, ಎರಡಿದ್ದ ಲೇತ್ ಆರಾಗಿವೆ. ಹೋದ ವಾರ ಬುಗುರಿಗಳ ಇದುವರೆಗಿನ ದೊಡ್ಡ ಆರ್ಡರ್ ಲಾರಿ ಹತ್ತಿತು. ಅದಕ್ಕಾಗಿ ನಮ್ಮಲ್ಲಿ ಯಾರೂ ಒಂದು ದಿನವೂ ನಿದ್ದೆಗೆಡಲಿಲ್ಲ. ಲಾರಿ ತಿರುವಿನಲ್ಲಿ ಮರೆಯಾದ ಮೇಲೆ, ಒಳಗೆ ಬರುತ್ತಾ, "ಅಕ್ಕಾ, ಎಲ್ಲಾ ನಿಂತ್ವು" ಅಂದುಬಿಟ್ಟೆ. ಕೆಲಸದವರು ತಿರುಗಿ ನೋಡಿದರು. ಅವರಲ್ಲಿ ಯಾರನ್ನೂ ನಾನು ಅಕ್ಕ ಎಂದು ಕರೆಯುವುದಿಲ್ಲ.