ಮುದ್ದೆಯ ಮರೆಯಲ್ಲಿದ್ದ ಹಲ್ಲು

ನಮ್ಮ ಮನೆಯಲ್ಲಿ ಮುದ್ದೆ ಅಗಿಯುವುದೆಂದರೆ ಅವಮಾನ. ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಬೇಕು. ಚಿಕ್ಕಂದಿನಲ್ಲಿ ನಾವು ಅಗಿದರೆ ಅಮ್ಮ, "ಹಸೂನಾ ನೀನು, ಮೆಲುಕು ಹಾಕ್ತೀಯಾ?" ಎನ್ನುತ್ತಿದ್ದಳು. ಕಗ್ಗದಾಸಪುರ ಇನ್ನೂ ಹಳ್ಳಿಯಾಗಿದ್ದಾಗ ನಮ್ಮ ಹೊಲದಲ್ಲೇ ರಾಗಿ ಬೆಳೆಯುತ್ತಿತ್ತು. ಈಗ ಅಲ್ಲಿ ನಮ್ಮ ಮನೆ ಎದ್ದಿದೆ, ಕೆಳಗೆ ಬಾಡಿಗೆಯವರಿದ್ದಾರೆ, ರಾಗಿ ಅಂಗಡಿಯಿಂದ ಬರುತ್ತದೆ. ಮುದ್ದೆ ಮಾತ್ರ ಎರಡು ಹೊತ್ತೂ ಬೇಕು. ಅಮ್ಮನ ಹಲ್ಲುನೋವು ಅಷ್ಟು ದಿನ ಯಾರಿಗೂ ಗೊತ್ತಾಗದೆ ಹೋದದ್ದು ಈ ಮುದ್ದೆಯ ದೆಸೆಯಿಂದಲೇ.

ಗೊತ್ತಾದದ್ದು ರೊಟ್ಟಿಯಿಂದ. ಕೆಳಗಿನ ಕೋಣೆಯಲ್ಲಿರುವ ಹೆಂಗಸು ಯಾದಗಿರಿ ಕಡೆಯವಳು. ಭಾನುವಾರ ಖಡಕ್ ರೊಟ್ಟಿ ಮಾಡಿದರೆ ಅಮ್ಮನಿಗೂ ಕಳಿಸುತ್ತಾಳೆ. ಅಮ್ಮ ಅದನ್ನು ಹಪ್ಪಳದ ಹಾಗೆ ಕಟಕಟ ಕಡಿಯುತ್ತಿದ್ದಳು. ಒಂದು ದಿನ ಆಕೆ ಮೆಟ್ಟಿಲ ಬಳಿ ನನ್ನನ್ನು ತಡೆದು, ಮುಖ ಊದಿಸಿಕೊಂಡು ಕೇಳಿದಳು:

"ಅಮ್ಮಾರಿಗಿ ನಮ್ಮ ರೊಟ್ಟಿ ಸೇರವಲ್ದೇನ್ರೀ ಅಕ್ಕಾ? ಮಾಳಗಿ ಮ್ಯಾಲ ಕಾಗಿಗಿ ಹಾಕ್ಲತ್ತಾರ. ಬ್ಯಾಡಂದ್ರ ಬ್ಯಾಡಂತ ಹೇಳ್ರಿ."

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನೇರ ಮೇಲೆ ಹೋಗಿ ಅಮ್ಮನನ್ನು ತರಾಟೆಗೆ ತೆಗೆದುಕೊಂಡೆ. ಅಮ್ಮ ತುಟಿ ಬಿಚ್ಚಲಿಲ್ಲ. ಬಲವಂತದಿಂದ ಬಾಯಿ ತೆಗೆಸಿ ನೋಡಿದರೆ, ಬಲಗಡೆ ಮೇಲಿನ ದವಡೆ ಹಲ್ಲಿನ ತೂತಿಗೆ ಲವಂಗ ತುರುಕಿಕೊಂಡಿದ್ದಾಳೆ. ಸುತ್ತಲಿನ ವಸಡು ಕೆಂಪಗೆ ಬಾತಿದೆ.

"ಯಾಕಮ್ಮ ಹೇಳ್ಲಿಲ್ಲ?"

"ಹೇಳಿದ್ರೆ ಕೀಳಿಸ್ಬಿಡ್ತೀಯ. ಮೇಲಿನ ಹಲ್ಲು ಕಿತ್ರೆ ಕಣ್ಣು ಹೋಗುತ್ತೆ ಕಣೇ. ಇರೋದೇ ಒಂದು."

ಮೊದಲ ಮಾತಿಗೆ ನಗು ಬಂತು. ಕೊನೆಯ ಮಾತಿಗೆ ಆ ನಗು ಹೋಯಿತು. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ಅಮ್ಮನ ಎಡಗಣ್ಣಿನ ದೃಷ್ಟಿ ಎಷ್ಟೋ ವರ್ಷಗಳ ಹಿಂದೆಯೇ ಹೋಗಿತ್ತು. ಅವಳ ಲೋಕವೆಲ್ಲ ಬಲಗಣ್ಣಿನ ಮೇಲೆ ನಿಂತಿತ್ತು. ಅಜ್ಜಿಯ ಕಥೆಯೂ ನನಗೆ ಗೊತ್ತಿತ್ತು. ಶಿವಾಜಿನಗರದ ಮಾರ್ಕೆಟ್ಟಿಗೆ ಸೊಪ್ಪು ಮಾರಲು ಹೋದವಳು ಬೀದಿಯಲ್ಲಿ ಕೂತಿದ್ದವನ ಕೈಲಿ ಮೇಲಿನ ಹಲ್ಲು ಕೀಳಿಸಿಕೊಂಡು ಬಂದಿದ್ದಳಂತೆ, ಆಷಾಢದಲ್ಲಿ. ದೀಪಾವಳಿಗೆ ಅವಳಿಗೆ ದೀಪವೇ ಸರಿಯಾಗಿ ಕಾಣಲಿಲ್ಲ. ಅದು ಪೊರೆ ಇದ್ದಿರಬೇಕು, ವಯಸ್ಸಿನದು. ಆದರೆ ಅಮ್ಮ ತನ್ನ ತಾಯಿ ದೀಪವನ್ನು ತಡಕಿದ್ದನ್ನು ಕಣ್ಣಾರೆ ಕಂಡವಳು. ಅವಳ ಮುಂದೆ ನನ್ನ ವಿಜ್ಞಾನ ಎಷ್ಟರದು?

ನಾನು ಹೇಳಿದೆ, ಬೇಡಿದೆ, ಬೈದೆ. ಅಮ್ಮ ಹಲ್ಲು ಕಚ್ಚಿ ಸಹಿಸಿದಳು, ಎಡಗಡೆಯ ಹಲ್ಲು. ನನಗೆ ತಿಳಿಯದ ಹಾಗೆ ಹೆಂಚಿನ ಮೇಲೆ ಬಟ್ಟೆ ಬಿಸಿ ಮಾಡಿ ಕೆನ್ನೆಗೆ ಶಾಖ ಕೊಟ್ಟುಕೊಂಡಳು. ಬೆಳಿಗ್ಗೆ ಏಳುವಾಗ ಕೆನ್ನೆ ಕಡುಬಿನ ಹಾಗೆ ಊದಿ, ಬಲಗಣ್ಣು ಅರ್ಧ ಮುಚ್ಚಿತ್ತು. ಆಗ ನನಗೂ ಹೆದರಿಕೆಯಾಯಿತು. ಕೇಳದೆ ಆಟೋ ಹತ್ತಿಸಿ ಕಮ್ಮನಹಳ್ಳಿಗೆ ಕರೆದುಕೊಂಡು ಹೋದೆ.

ಅಲ್ಲಿನ ಹಲ್ಲಿನ ಡಾಕ್ಟರು ತಮಿಳು ಮನೆಯ ಹುಡುಗಿ. ಎಕ್ಸ್‌ರೇ ನೋಡಿ, ಶಾಖದ ವಿಷಯವನ್ನೂ ಅಮ್ಮನ ಬಾಯಿಂದ ಹೊರಡಿಸಿ, "ಬೇರಿನವರೆಗೂ ಕೀವಾಗಿದೆ, ಹಲ್ಲು ಅಲ್ಲಾಡ್ತಿದೆ, ಉಳಿಸೋಕಾಗಲ್ಲ. ಶಾಖ ಕೊಡ್ಬಾರ್ದಿತ್ತು ಅಜ್ಜಿ, ಊತ ಇನ್ನೂ ಜಾಸ್ತಿ ಆಗುತ್ತೆ" ಎಂದಳು.

"ಕಣ್ಣು?" ಎಂದಳು ಅಮ್ಮ.

"ಹಲ್ಲಿನ ನರ ಬೇರೆ, ನೋಡೋ ನರ ಬೇರೆ. ಕಿತ್ರೆ ಕಣ್ಣಿಗೇನೂ ಆಗಲ್ಲ. ಕೀವು ಹೀಗೇ ಬಿಟ್ರೆ ಮಾತ್ರ ಕಣ್ಣಿನ್ ಹತ್ರಕ್ಕೂ ಹರಡ್ಬಹುದು."

ಅಮ್ಮ ಅವಳನ್ನೇ ನೋಡಿದಳು. "ನಿಮ್ಮಜ್ಜಿಗಾದ್ರೆ ಕೀಳ್ತಿದ್ಯಾ ತಾಯಿ?"

"ನಮ್ಮ ಪಾಟಿಗೆ ನಾನೇ ಕಿತ್ತಿದ್ದು. ಇವತ್ತಿಗೂ ಒಂದು ಸೀರಿಯಲ್ ಬಿಡಲ್ಲ."

ಅಮ್ಮ ಒಪ್ಪಿದಳು. ಮಾತ್ರೆ ನುಂಗಿ ಊತ ಇಳಿದ ಮೇಲೆ ಮತ್ತೆ ಹೋದೆವು. ಡಾಕ್ಟರು ಸೂಜಿ ಚುಚ್ಚಿ ಮರಗಟ್ಟಿಸಿದಳು. ಅಮ್ಮ ದೇವರ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಹಲ್ಲು ತಟ್ಟೆಯಲ್ಲಿತ್ತು. ಹತ್ತಿ ಕಚ್ಚಿಕೊಂಡಿರಬೇಕು, ಉಗುಳಬಾರದು, ಮಾತಾಡಬಾರದು, ಇವತ್ತು ಬಿಸಿಯದು ಏನೂ ಬೇಡ ಎಂದಳು. ಆರಿದ ಮುದ್ದೆಯನ್ನು ಯಾರು ತಿನ್ನುತ್ತಾರೆ? ಅಮ್ಮ ಕಣ್ಣಿನಲ್ಲೇ ನನ್ನನ್ನು ಬೈದಳು.

ಕೆಳಗಿಳಿದು ಬಂದರೆ ಆಟೋ ಹತ್ತಲು ಒಲ್ಲಳು. ಬಾಯಿ ಮುಚ್ಚಿ, ರಸ್ತೆಯಾಚೆಗಿನ ಹೂವಿನ ಗಾಡಿ, ಕೆಂಪು ಸಿಗ್ನಲ್ಲು, ತಂತಿಯ ಮೇಲಿನ ಪಾರಿವಾಳ ಎಲ್ಲವನ್ನೂ ಒಂದೊಂದಾಗಿ ನೋಡಿದಳು. ಕೊನೆಗೆ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು.

ಅದು ಆಷಾಢ. ಮರುದಿನ ಬೆಳಿಗ್ಗೆ ಎದ್ದವಳೇ ಕೂಗಿದಳು, "ಇಲ್ಲಿ ಬಾರೇ!" ಏನಾಯಿತೋ ಎಂದು ಓಡಿದೆ. "ಮುಖ ತೋರ್ಸು." ತೋರಿಸಿದೆ. "ಸರಿ, ಹೋಗು." ಅಂದಿನಿಂದ ದಿನವೂ ಇದೇ ಪೂಜೆ. ಬೇಡವೆಂದರೂ ಬಿಡಳು, "ಹುಬ್ಬು ಯಾಕೆ ಗಂಟು ಹಾಕಿದೀಯಾ, ಕಾಣುತ್ತೆ" ಎನ್ನುವಳು. ನಾನು ರಾತ್ರಿ ನಿದ್ದೆಗೆಟ್ಟದ್ದು, ಅತ್ತದ್ದು, ಯಾವುದನ್ನೂ ಅವಳಿಂದ ಮುಚ್ಚಿಡಲಾಗುತ್ತಿರಲಿಲ್ಲ. ಹೊರಗೆ ಗೊಣಗುತ್ತಿದ್ದೆ. ಒಳಗೆ ಏನೋ ತಂಪಾಗುತ್ತಿತ್ತು.

ದೀಪಾವಳಿ ಬಂತು. ಅಮ್ಮ ಮಾಳಿಗೆಯ ತುಂಬ ಹಣತೆ ಹಚ್ಚಿದಳು, ತಾನೇ. ಒಂದನ್ನೂ ತಡಕಲಿಲ್ಲ.

ಮರುದಿನ ಬೆಳಿಗ್ಗೆ ಕೂಗಲಿಲ್ಲ. ನಾನು ಕಾಫಿ ಇಟ್ಟುಕೊಂಡು ಕಾದೆ. ಕೊನೆಗೆ ಲೋಟ ಹಿಡಿದು ನಾನೇ ಹೋದೆ. ಅಮ್ಮ ಕೆಳಗಿನವಳು ಕಳಿಸಿದ ರೊಟ್ಟಿಯನ್ನು ಎಡದವಡೆಯಲ್ಲಿ ಕಟಕಟ ಕಡಿಯುತ್ತ ಕೂತಿದ್ದಳು.

"ಏನೇ, ಯಾಕೆ ನಿಂತೆ?" ಎಂದಳು ತಲೆ ಎತ್ತದೆ. "ಕಣ್ಣು ಚೆನ್ನಾಗಿದೆ. ಇನ್ನು ದಿನಾ ನಿನ್ನ ಮುಖ ಯಾಕೆ ನೋಡ್ಲಿ?"

"ನೋಡಮ್ಮ," ಎಂದೆ. "ಇವತ್ತೊಂದು ದಿನ."